ಹೊಟ್ಟೆಹುಣ್ಣಿನ ಮದ್ದಿಗೆ ಇಲಿಯ ಸಾಕ್ಷಿ

ಒಂದು ಮಾತ್ರೆ ನಮ್ಮ ಕೈಗೆ ಬರುವ ಮೊದಲು ಎಷ್ಟು ಜನ ದುಡಿದಿರುತ್ತಾರೆ, ಎಷ್ಟು ಪ್ರಾಣಿಗಳು ಜೀವ ಕೊಟ್ಟಿರುತ್ತವೆ ಎಂಬುದನ್ನು ಪಾಠಪುಸ್ತಕಗಳು ಹೇಳುವುದು ಕಡಿಮೆ. ಅದಕ್ಕಾಗಿ ಸಿಮೆಟಿಡಿನ್ ಎಂಬ ಔಷಧದ ಇತಿಹಾಸವನ್ನು ಇಲ್ಲಿ ಹೇಳುತ್ತಿದ್ದೇವೆ.

1970ರ ದಶಕದ ನಡುವಿನವರೆಗೂ ಹೊಟ್ಟೆಹುಣ್ಣು ಆದವರಿಗೆ ಪಥ್ಯ, ವಿಶ್ರಾಂತಿ, ಆಮ್ಲ ತಗ್ಗಿಸುವ ಮದ್ದು ಇವೇ ಗತಿಯಾಗಿದ್ದವು. ವಾಸಿಯಾಗದಿದ್ದರೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ರಕ್ತಸ್ರಾವದಿಂದ ಸತ್ತವರೂ ಇದ್ದರು.

ಸ್ಕಾಟ್ಲೆಂಡಿನ ಜೇಮ್ಸ್ ಬ್ಲಾಕ್ 1964ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿದ್ದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪೆನಿಯ ಪ್ರಯೋಗಾಲಯವನ್ನು ಸೇರಿದರು. ದೇಹದಲ್ಲಿರುವ ಹಿಸ್ಟಮಿನ್ ಎಂಬ ವಸ್ತು ಜಠರದಲ್ಲಿ ಆಮ್ಲ ಹೆಚ್ಚಿಸುತ್ತದೆ ಎಂಬುದು ಆಗಲೇ ತಿಳಿದಿತ್ತು. ತುರಿಕೆಗೆ ಕೊಡುವ ಹಿಸ್ಟಮಿನ್ ವಿರೋಧಿ ಮದ್ದುಗಳು ಗಿನಿಪಿಗ್‌ನ ಕರುಳಿನ ಸೆಳೆತವನ್ನು ತಡೆಯುತ್ತಿದ್ದವು, ಜಠರದ ಆಮ್ಲವನ್ನು ತಡೆಯುತ್ತಿರಲಿಲ್ಲ. ಹಾಗಾದರೆ ಹಿಸ್ಟಮಿನ್ ಎಂಬ ಒಂದೇ ಬೀಗದ ಕೈಗೆ ದೇಹದಲ್ಲಿ ಎರಡು ಬೀಗಗಳಿರಬೇಕು ಎಂದು ಬ್ಲಾಕ್ ಊಹಿಸಿದರು.

ಆ ಎರಡನೆಯ ಬೀಗವನ್ನು ಮುಚ್ಚುವ ವಸ್ತುವನ್ನು ಇಲಿಗಳ ಮೇಲೆ ಪರೀಕ್ಷಿಸಿ ಹುಡುಕಿದರು. ಅರಿವಳಿಕೆ ಕೊಟ್ಟ ಇಲಿಯ ಜಠರದ ಮೂಲಕ ದ್ರವ ಹರಿಸಿ, ಹೊರಬಂದ ದ್ರವದಲ್ಲಿ ಆಮ್ಲ ಎಷ್ಟೆಂದು ಅಳೆಯುತ್ತಿದ್ದರು. ಹಿಸ್ಟಮಿನ್ ಕೊಟ್ಟರೆ ಆಮ್ಲ ಏರುತ್ತದೆ. ಹೊಸ ವಸ್ತು ಕೊಟ್ಟಾಗ ಇಳಿಯುತ್ತದೆಯೇ? ಇದೇ ಪರೀಕ್ಷೆ. ಪ್ರಯೋಗದ ಬಳಿಕ ಇಲಿ ಬದುಕುವುದಿಲ್ಲ.

ರಾಬಿನ್ ಗ್ಯಾನೆಲಿನ್ ಮೊದಲಾದ ರಸಾಯನಶಾಸ್ತ್ರಜ್ಞರು ಮೊದಲ 4 ವರ್ಷಗಳಲ್ಲಿ ಸುಮಾರು 200 ವಸ್ತುಗಳನ್ನು ತಯಾರಿಸಿಕೊಟ್ಟರೂ ಫಲ ಸಿಗಲಿಲ್ಲ. 1972ರಲ್ಲಿ ಬುರಿಮಮೈಡ್ ಬೆಳಕಿಗೆ ಬಂತು. ಆದರೆ ನುಂಗಿದರೆ ಅದರ ಪರಿಣಾಮ ಸಾಲದು. ಮುಂದೆ ಬಂದ ಮೆಟಿಯಮೈಡ್‌ನಿಂದ ರೋಗಿಗಳ ಹುಣ್ಣು ಮಾಯತೊಡಗಿತು. ಅಷ್ಟರಲ್ಲಿ ಕೆಲವು ರೋಗಿಗಳ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿದವು. ಅದನ್ನು ಕೈಬಿಟ್ಟು, ಅದರ ರಚನೆಯಲ್ಲಿದ್ದ ಥಯೋಯೂರಿಯಾ ಭಾಗವನ್ನು ಬದಲಿಸಿದರು. ಹೀಗೆ ಹುಟ್ಟಿದ ಸಿಮೆಟಿಡಿನ್ 1976ರ ನವೆಂಬರಿನಲ್ಲಿ ಟಾಗಮೆಟ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಅಸಂಖ್ಯ ರೋಗಿಗಳು ಶಸ್ತ್ರಚಿಕಿತ್ಸೆಯಿಂದ ಪಾರಾದರು. 1988ರಲ್ಲಿ ಬ್ಲಾಕ್ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಆದರೂ ಮಾತ್ರೆ ನಿಲ್ಲಿಸಿದರೆ ಅನೇಕರಿಗೆ ಹುಣ್ಣು ಮರಳಿ ಬರುತ್ತಿತ್ತು. ಇದರ ಕಾರಣವನ್ನು ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಕಂಡುಹಿಡಿದರು. ಹೊಟ್ಟೆಹುಣ್ಣಿಗೆ ಮುಖ್ಯ ಕಾರಣವಾದ, ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಕರೆಯುವ ಬ್ಯಾಕ್ಟೀರಿಯಾವನ್ನು ಅವರು 1982ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಮಾರ್ಷಲ್ ಅದನ್ನು ಹಂದಿಮರಿಗಳಿಗೆ ತಗುಲಿಸಲು ನೋಡಿದರು, ತಗುಲಲಿಲ್ಲ. 1984ರಲ್ಲಿ ತಾವೇ ಅದನ್ನು ಕುಡಿದು ಜಠರದ ಉರಿಯೂತ ಅನುಭವಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಬ್ಲಾಕ್ ಅವರ ಇಲಿ ಸುಳ್ಳು ಹೇಳಿರಲಿಲ್ಲ. ಆಮ್ಲ ಇಳಿಯಿತೇ ಎಂಬ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿತ್ತು. ಹುಣ್ಣಿನ ಮೂಲ ಯಾವುದೆಂದು ಆ ಪರೀಕ್ಷೆ ಕೇಳಿರಲೇ ಇಲ್ಲ. ಆದ್ದರಿಂದ "ಪ್ರಾಣಿಗಳ ಮೇಲೆ ಪರೀಕ್ಷಿಸಿದ ಮದ್ದು" ಎಂದು ಓದಿದಾಗ ಯಾವ ಪ್ರಾಣಿ, ಅದಕ್ಕೆ ಕೇಳಿದ ಪ್ರಶ್ನೆ ಯಾವುದು ಎಂದು ವಿಚಾರಿಸುವುದನ್ನು ನಮ್ಮ ಮಕ್ಕಳು ಕಲಿಯಬೇಕು. ಒಂದು ಜೀವ ಕೊಟ್ಟ ಉತ್ತರವನ್ನು ಸರಿಯಾಗಿ ಓದುವ ಹೊಣೆ ಮನುಷ್ಯರದು.