ನೀರು ಬಂತು, ಮೋರಿ ಬರಲಿಲ್ಲ

ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ಹರಿದದ್ದು 1896ರಲ್ಲಿ. ನಗರದ ಒಳಚರಂಡಿ ಕೆಲಸ ಶುರುವಾದದ್ದು 1922ರಲ್ಲಿ. ನಡುವಿನ 26 ವರ್ಷ ಬಳಸಿದ ನೀರು ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳದೆ ಪ್ಲೇಗ್ ಕಾಲದ ಮನೆ ತಪಾಸಣೆಯ ಚರಿತ್ರೆ ತಿಳಿಯುವುದಿಲ್ಲ. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳು ಕಸುಬಿನ ಸುತ್ತ ಹೆಣೆದುಕೊಂಡ ಬೀದಿಗಳು. ಮುಂದೆ ಅಂಗಡಿ, ಹಿಂದೆ ದಾಸ್ತಾನು, ಅಲ್ಲೇ ಸಂಸಾರ. ಬಾವಿಯಿಂದ ಕೊಡದಲ್ಲಿ ಹೊತ್ತು ತಂದ ನೀರನ್ನು ಯಾರೂ ಧಾರಾಳವಾಗಿ ಚೆಲ್ಲುವುದಿಲ್ಲ. ಬಚ್ಚಲ ನೀರಿಗೆ ಹಿತ್ತಲ ಮಣ್ಣೋ ಬಾಗಿಲ ಮುಂದಿನ ತೆರೆದ ಮೋರಿಯೋ ಸಾಕಾಗುತ್ತಿತ್ತು. ನಲ್ಲಿ ನೀರು ಸೇರಿದ ಮೇಲೆ ಆ ಹಳೆಯ ಲೆಕ್ಕ ತಪ್ಪಿತು. ಬೆಂಗಳೂರು ದಿಣ್ಣೆಯ ಮೇಲಿನ ಊರಾದ್ದರಿಂದ ಕೊಳೆ ಇಳಿಜಾರು ಹಿಡಿದು ಕೆರೆಗೆ, ವೃಷಭಾವತಿ ಹೊಳೆಗೆ ಸೇರುತ್ತಿತ್ತು. ಇಳಿಜಾರು ಸಾಲದ ಸಂದಿಗಳಲ್ಲಿ ನಿಂತೇಬಿಡುತ್ತಿತ್ತು.

1898ರ ಆಗಸ್ಟಿನಲ್ಲಿ ಪ್ಲೇಗ್ ಈ ಊರಿಗೆ ಬಂತು. ಆರೋಗ್ಯಾಧಿಕಾರಿಯ ನೇಮಕವಾಯಿತು, ನಗರವನ್ನು ವಾರ್ಡುಗಳಾಗಿ ವಿಂಗಡಿಸಲಾಯಿತು, ಹೊಸ ಮನೆ ಕಟ್ಟುವುದಕ್ಕೆ ನೈರ್ಮಲ್ಯದ ನಿಯಮಗಳು ಬಂದವು. ಇವು ಬೇಕಾಗಿದ್ದ ಕೆಲಸಗಳೇ. ಆದರೆ ತಪಾಸಣೆಯ ಕಣ್ಣು ಬಿದ್ದದ್ದು ಹೊಸ್ತಿಲ ಒಳಗೆ: ಕತ್ತಲೆ ಕೋಣೆ, ಒದ್ದೆ ಗೋಡೆ, ಒಂದೇ ಸೂರಿನಡಿ ಹಲವು ಸಂಸಾರ. ತಪ್ಪು ಅಲ್ಲಿ ವಾಸವಿದ್ದವರ ತಲೆಗೆ ಬಂತು. ಮೋರಿ ಕಟ್ಟುವುದು ಬಾಡಿಗೆದಾರನ ಕೈಲಿಲ್ಲದ ಕೆಲಸ. ಅದು ಮುನಿಸಿಪಾಲಿಟಿಯ ಕೆಲಸ. ಹೊರಗೆ ಹೋಗುವ ದಾರಿಯನ್ನೇ ಕೊಡದೆ ಒಳಗಿನ ತೇವವನ್ನು ಅಪರಾಧವೆಂದದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ.

ಪ್ಲೇಗಿಗೂ ಚರಂಡಿಗೂ ಸಂಬಂಧವೇ ಇಲ್ಲವಲ್ಲ, ಅದು ಇಲಿಯ ಚಿಗಟದಿಂದ ಹರಡುವ ರೋಗ ಎಂಬ ಆಕ್ಷೇಪ ಸರಿಯಾದದ್ದೇ. ಫ್ರೆಂಚ್ ವೈದ್ಯ ಪಾಲ್ ಲೂಯಿ ಸೈಮಂಡ್ ಚಿಗಟದ ಪಾತ್ರವನ್ನು ಹೇಳಿದ್ದು ಅದೇ 1898ರಲ್ಲಿ. ವಿಜ್ಞಾನಿಗಳು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಇಲಿ ಬಿದ್ದರೆ ಊರು ಬಿಡಬೇಕು ಎಂದು ನಮ್ಮ ಹಳ್ಳಿಗಳ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದು ಈ ದೃಷ್ಟಿಯಿಂದ ವಿವೇಕದ ನಡೆ. ಆದರೂ ಈ ಆಕ್ಷೇಪದಿಂದ ಮನೆಯ ಪ್ರಶ್ನೆ ಬಿದ್ದುಹೋಗುವುದಿಲ್ಲ. ಬಿಲ ತೋಡಲು ಮಣ್ಣಿನ ನೆಲ, ಅಡಗಲು ಸೂರಿನ ಸಂದು, ತಿನ್ನಲು ಪಕ್ಕದಲ್ಲೇ ಧಾನ್ಯದ ಮೂಟೆ ಇದ್ದಲ್ಲಿ ಇಲಿ ಮನುಷ್ಯನ ಜೊತೆಗೇ ಬಾಳುತ್ತದೆ. ದಂಡು ಪ್ರದೇಶದ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಫ್ರೇಜರ್ ಟೌನನ್ನು ಯೋಜಿಸಿದಾಗ ಹಿಡಿದದ್ದು ಇದೇ ಎಳೆಯನ್ನು. ಇಲಿ ನುಸುಳದ ಮನೆ ಕಟ್ಟುವುದು ಅಲ್ಲಿನ ಗುರಿಯಾಗಿತ್ತು. ಇನ್ನು ಚರಂಡಿಯ ಮಾತು: ಪ್ಲೇಗಿಗೆ ಅದು ಮದ್ದಲ್ಲ, ನಿಜ. ಕಾಲರಾ ಮತ್ತು ಹೊಟ್ಟೆಯ ಬೇನೆಗಳಿಗೆ ಅದೇ ಮೊದಲ ಮದ್ದು.

ತುರ್ತಿನಲ್ಲಿ ಬಲವಂತ ಅನಿವಾರ್ಯವೆಂದು ಇನ್ನೊಂದು ವಾದವಿದೆ. ಪುಣೆಯಲ್ಲಿ ಪ್ಲೇಗ್ ತಪಾಸಣೆಗೆಂದು ಸೈನಿಕರು ಮನೆಗಳಿಗೆ ನುಗ್ಗಿದ್ದಕ್ಕೆ ಎದ್ದ ಆಕ್ರೋಶ 1897ರಲ್ಲಿ ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆಯವರೆಗೆ ಹೋಯಿತು. ಮರುವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಇದನ್ನು ಮೌಢ್ಯವೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಗಮನಿಸಬೇಕು. ಇರಲು ಬೇರೆ ಜಾಗ ಸಿಕ್ಕಾಗ ಜನ ತಾವಾಗಿಯೇ ಹೋದರು. 1890ರ ದಶಕದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳು ಪ್ಲೇಗಿನ ನಂತರ ತುಂಬಿಕೊಂಡದ್ದು ಹಾಗೆ. ಹೋಗಲು ಕೈಲಾದವರು ಹೋದರು, ಆಗದವರು ಪೇಟೆಯಲ್ಲೇ ಉಳಿದರು.

ಆ ಹೊಸ ಬಡಾವಣೆಗಳ ಅಗಲ ಬೀದಿಗಳನ್ನು ಎಲ್ಲರೂ ಹೊಗಳುತ್ತಾರೆ. ಹಿತ್ತಲುಗಳ ನಡುವೆ ಹಾದುಹೋದ ಕಿರಿದಾದ ಕನ್ಸರ್ವೆನ್ಸಿ ಲೇನ್‌ಗಳ ಮಾತು ಅಪರೂಪ. ಕಕ್ಕಸನ್ನು ಹಿಂಬದಿಯಿಂದ ಬಳಿದು ಒಯ್ಯಲೆಂದೇ ಅವನ್ನು ನಕ್ಷೆಯಲ್ಲಿ ಬಿಟ್ಟಿದ್ದರು. ಮನೆ ಆರೋಗ್ಯಕರವಾಯಿತು, ಬೀದಿಯೂ ಆಯಿತು. ನೆಲದಡಿ ಕೊಳವೆ ಬರುವ ತನಕ ಆ ಓಣಿಯಲ್ಲಿ ಮಲ ಹೊತ್ತು ನಡೆದದ್ದು ಜಾತಿಯ ಕಾರಣಕ್ಕೆ ಅದೇ ಕೆಲಸಕ್ಕೆ ಕಟ್ಟುಬಿದ್ದ ಜನ.