ಥರ್ಮಲ್ ಪೇಸ್ಟ್

ಥರ್ಮಲ್ ಪೇಸ್ಟ್ ಎಂಬುದು ಗಣಕಯಂತ್ರದ ಪ್ರೊಸೆಸರ್ ಮತ್ತು ಅದನ್ನು ತಂಪಾಗಿಡುವ ಹೀಟ್ ಸಿಂಕ್‌ಗಳ ನಡುವೆ ಹಚ್ಚುವ, ಉಷ್ಣವನ್ನು ಸಾಗಿಸುವ ಗಟ್ಟಿ ಲೇಪ. ಇದಕ್ಕೆ ಥರ್ಮಲ್ ಗ್ರೀಸ್ ಎಂಬ ಹೆಸರೂ ಇದೆ. ಕೆಲವು ವರ್ಷ ಬಳಸಿದ ಲ್ಯಾಪ್‌ಟಾಪ್ ಅತಿಯಾಗಿ ಬಿಸಿಯಾಗಲು ಈ ಲೇಪ ಒಣಗಿರುವುದು ಒಂದು ಕಾರಣ. ಅಂತಹ ಸಂದರ್ಭದಲ್ಲಿ ಹಳೆಯ ಲೇಪವನ್ನು ತೆಗೆದು ಹೊಸದನ್ನು ಹಚ್ಚಲಾಗುತ್ತದೆ.

ಕಾರ್ಯತತ್ತ್ವ

ಚಿಪ್ ಹಾಗೂ ಲೋಹದ ಮೇಲ್ಮೈಗಳು ನುಣುಪಾಗಿ ಕಂಡರೂ ಅವುಗಳಲ್ಲಿ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಎರಡನ್ನೂ ಒತ್ತಿ ಕೂರಿಸಿದಾಗ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ತಾಮ್ರದ ಉಷ್ಣವಾಹಕತೆ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್ ಆಗಿದ್ದರೆ, ಗಾಳಿಯದು ಸುಮಾರು 0.026 ವ್ಯಾಟ್ ಮಾತ್ರ. ಪೇಸ್ಟ್ ಈ ತಗ್ಗುಗಳನ್ನು ತುಂಬಿ ಗಾಳಿಯನ್ನು ಹೊರದೂಡುತ್ತದೆ. ಪೇಸ್ಟ್ ಗಾಳಿಗಿಂತ ಬಹಳ ಉತ್ತಮ ವಾಹಕವಾದರೂ ತಾಮ್ರಕ್ಕಿಂತ ಬಹಳ ಹಿಂದಿದೆ. ಆದ್ದರಿಂದ ಲೇಪವು ತೆಳುವಾಗಿರಬೇಕು. ದಪ್ಪವಾದರೆ ಅದೇ ಉಷ್ಣದ ಹರಿವಿಗೆ ಅಡ್ಡಿಯಾಗುತ್ತದೆ.

ವಿಧಗಳು

ಸಾಮಾನ್ಯ ಪೇಸ್ಟ್‌ಗಳಲ್ಲಿ ಸಿಲಿಕೋನ್ ಎಣ್ಣೆಯೊಂದಿಗೆ ಜಿಂಕ್ ಆಕ್ಸೈಡ್, ಅಲ್ಯೂಮಿನಿಯಂ ಆಕ್ಸೈಡ್ ಮುಂತಾದವುಗಳ ನುಣ್ಣನೆಯ ಪುಡಿ ಇರುತ್ತದೆ. ಕೆಲವದರಲ್ಲಿ ಬೆಳ್ಳಿಯ ಕಣಗಳಿರುತ್ತವೆ. ಗ್ಯಾಲಿಯಂ ಮಿಶ್ರಲೋಹದ ದ್ರವಲೋಹವು ಇವೆಲ್ಲಕ್ಕಿಂತ ಉತ್ತಮ ಉಷ್ಣವಾಹಕ. ಆದರೆ ಅದು ವಿದ್ಯುತ್ತನ್ನೂ ಹರಿಸುವುದರಿಂದ ಚೆಲ್ಲಿದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು. ಅಲ್ಯೂಮಿನಿಯಂ ಅನ್ನು ಅದು ಕೊರೆದು ಹಾಳುಮಾಡುತ್ತದೆ.

ಅತಿ ಬಿಸಿಯ ಲಕ್ಷಣಗಳು ಮತ್ತು ಕಾರಣಗಳು

ಹಲವು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ತಾಪಮಾನದ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್. ಈ ಮಿತಿ ಸಮೀಪಿಸಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದನ್ನು ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ಫ್ಯಾನ್ ಸದಾ ಜೋರಾಗಿ ತಿರುಗುವುದು, ಕೆಲಸ ನಿಧಾನವಾಗುವುದು, ಯಂತ್ರ ತಾನಾಗಿ ಸ್ಥಗಿತಗೊಳ್ಳುವುದು ಇತರ ಲಕ್ಷಣಗಳು. ಹೀಟ್ ಸಿಂಕ್‌ನ ರೆಕ್ಕೆಗಳಲ್ಲಿ ಕಟ್ಟಿದ ಧೂಳು, ಕೆಟ್ಟ ಫ್ಯಾನ್, ಹಾಸಿಗೆಯ ಮೇಲಿಟ್ಟು ಬಳಸುವಾಗ ಮುಚ್ಚಿಹೋಗುವ ಗಾಳಿಕಿಂಡಿಗಳಿಂದಲೂ ಇವೇ ಲಕ್ಷಣಗಳು ಕಾಣಿಸುತ್ತವೆ. ಆದ್ದರಿಂದ ಪೇಸ್ಟ್ ಬದಲಿಸುವ ಮೊದಲು ಇವುಗಳನ್ನು ಪರೀಕ್ಷಿಸುವುದು ಸೂಕ್ತ.

ಬದಲಾಯಿಸುವ ಕ್ರಮ

1. ಲ್ಯಾಪ್‌ಟಾಪ್ ಅನ್ನು ಪೂರ್ಣವಾಗಿ ಆರಿಸಿ, ಚಾರ್ಜರ್ ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಸಂಪರ್ಕವನ್ನು ಕಳಚಬೇಕು.
2. ಹೀಟ್ ಸಿಂಕ್‌ನ ಸ್ಕ್ರೂಗಳ ಬಳಿ ಸಂಖ್ಯೆಗಳಿದ್ದರೆ ಬಿಚ್ಚುವಾಗ ಅವುಗಳ ವಿರುದ್ಧ ಕ್ರಮವನ್ನು ಅನುಸರಿಸಬೇಕು. ಹೀಟ್ ಸಿಂಕ್ ಅಂಟಿಕೊಂಡಿದ್ದರೆ ಬಲವಾಗಿ ಎಳೆಯದೆ ಮೆಲ್ಲನೆ ಅಲುಗಾಡಿಸಿ ಬಿಡಿಸಬೇಕು.
3. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ನೂಲೆಳೆ ಬಿಡದ ಬಟ್ಟೆಯಿಂದ ಚಿಪ್ ಹಾಗೂ ಹೀಟ್ ಸಿಂಕ್‌ಗಳ ಮೇಲಿನ ಹಳೆಯ ಪೇಸ್ಟನ್ನು ಒರೆಸಿ, ಒಣಗಲು ಬಿಡಬೇಕು.
4. ಫ್ಯಾನ್ ಮತ್ತು ರೆಕ್ಕೆಗಳ ಧೂಳನ್ನು ತೆಗೆಯಬೇಕು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಹಿಡಿದುಕೊಳ್ಳಬೇಕು.
5. ಚಿಪ್‌ನ ಪೂರ್ಣ ಮೇಲ್ಮೈ ಮುಚ್ಚುವಷ್ಟು ಹೊಸ ಪೇಸ್ಟನ್ನು ತೆಳುವಾಗಿ ಹಚ್ಚಬೇಕು.
6. ಹೀಟ್ ಸಿಂಕನ್ನು ನೇರವಾಗಿ ಇಳಿಸಿ, ಸ್ಕ್ರೂಗಳನ್ನು ಸಂಖ್ಯೆಯ ಕ್ರಮದಲ್ಲಿ, ಸಂಖ್ಯೆಗಳಿಲ್ಲದಿದ್ದರೆ ಎದುರುಬದುರಾಗಿ, ಹಂತಹಂತವಾಗಿ ಬಿಗಿಗೊಳಿಸಬೇಕು.

ಒಂದೇ ಬಗೆಯ ಕೆಲಸವನ್ನು ಮೊದಲೂ ನಂತರವೂ ಮಾಡಿಸಿ ತಾಪಮಾನವನ್ನು ಹೋಲಿಸಿದರೆ ಪರಿಣಾಮ ತಿಳಿಯುತ್ತದೆ. ತಾಪಮಾನ ಮೊದಲಿಗಿಂತ ಏರಿದ್ದರೆ ಹೀಟ್ ಸಿಂಕ್ ಸರಿಯಾಗಿ ಕೂತಿಲ್ಲದಿರುವ ಸಾಧ್ಯತೆಯಿದೆ.

ಎಚ್ಚರಿಕೆಗಳು

ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮೇಲೆ ಸಾಮಾನ್ಯವಾಗಿ ಲೋಹದ ಹೊದಿಕೆಯಿರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಸಿಲಿಕಾನ್ ಚಿಪ್ ಬರಿದಾಗಿಯೇ ಇರುತ್ತದೆ. ಒತ್ತಡ ಒಂದೇ ಬದಿಗೆ ಬಿದ್ದರೆ ಅದರ ಅಂಚು ಮುರಿಯಬಹುದು. ಮೆಮೊರಿ ಚಿಪ್‌ಗಳ ಮೇಲಿರುವ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳು ಹೆಚ್ಚು ಅಗಲದ ಸಂದನ್ನು ತುಂಬುತ್ತವೆ. ಅವುಗಳ ಬದಲಿಗೆ ಪೇಸ್ಟ್ ಬಳಸಬಾರದು. ಬ್ಯಾಟರಿ ಉಬ್ಬಿರುವುದು ಕಂಡರೆ ಅದನ್ನು ಒತ್ತದೆ, ಚುಚ್ಚದೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ತಂತ್ರಜ್ಞರಿಗೆ ಒಪ್ಪಿಸಬೇಕು. ವಾರಂಟಿ ಅವಧಿಯಲ್ಲಿರುವ ಯಂತ್ರವನ್ನು ಬಿಚ್ಚುವ ಮೊದಲು ಅದರ ನಿಬಂಧನೆಗಳನ್ನು ಓದಬೇಕು.