ಕಡಲಿನ ಬಣ್ಣದ ಕಲ್ಲು: ಪುನ್ನಾಟದಿಂದ ಮೆಡಿಟರೇನಿಯನ್ ತೀರಕ್ಕೆ

ಇಟಲಿಯ ನೇಪಲ್ಸ್ ನಗರಕ್ಕೆ ಪಶ್ಚಿಮದಲ್ಲಿರುವ ಪೊತ್ಸುವೊಲಿ ಇಂದು ಒಂದು ಚಿಕ್ಕ ಬಂದರು ಪಟ್ಟಣ. ಪ್ರವಾಸಿಗಳು ಅಲ್ಲಿಗೆ ಹೋಗುವುದು ಕಡಲತೀರಕ್ಕಾಗಿ ಮತ್ತು ಪಾಳುಬಿದ್ದ ಪ್ರಾಚೀನ ಕಟ್ಟಡಗಳಿಗಾಗಿ. ಪಟ್ಟಣದ ನಡುವೆ ರೋಮನ್ ಕಾಲದ ಮಾರುಕಟ್ಟೆಯೊಂದರ ಅವಶೇಷವಿದೆ. ಅದರಲ್ಲಿ ಮೂರು ಅಮೃತಶಿಲೆಯ ಕಂಬಗಳು ಇನ್ನೂ ನಿಂತಿವೆ. ಕಂಬಗಳ ಮೈಮೇಲೆ ಒಂದು ಎತ್ತರದಲ್ಲಿ ಕಡಲಿನ ಚಿಪ್ಪುಜೀವಿಗಳು ಕೊರೆದ ರಂಧ್ರಗಳ ಪಟ್ಟಿ ಕಾಣುತ್ತದೆ. ನೆಲ ಕುಸಿದಾಗ ಈ ಕಂಬಗಳು ಸಮುದ್ರದೊಳಗೆ ನಿಂತಿದ್ದುವು, ನೆಲ ಏರಿದಾಗ ಮತ್ತೆ ಹೊರಬಂದವು ಎಂಬುದಕ್ಕೆ ಆ ರಂಧ್ರಗಳೇ ಸಾಕ್ಷಿ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಮುಖಚಿತ್ರವಾಗಿ ಆರಿಸಿಕೊಂಡದ್ದು ಇವೇ ಕಂಬಗಳನ್ನು. ಪಕ್ಕದ ಬಾಯಿಯೆ ಎಂಬ ವಿಹಾರನಗರದ ಬಹುಭಾಗ ಇಂದಿಗೂ ನೀರಿನಡಿಯಲ್ಲಿದೆ. ಗಾಜಿನ ತಳದ ದೋಣಿಯಲ್ಲಿ ಕುಳಿತು ಅದರ ಗೋಡೆಗಳನ್ನು ನೋಡಿ ಬರಬಹುದು.

ಈ ಕಡಲತೀರಕ್ಕೂ ಕನ್ನಡ ನಾಡಿನ ತೆಂಕಣ ಅಂಚಿಗೂ ಒಂದು ಹಳೆಯ ನಂಟಿದೆ. ಆ ನಂಟಿನ ಎಳೆ ಒಂದು ಹಸಿರು ಕಲ್ಲು.

ಹನೂರು ಸೀಮೆಯ ಮಾರ್ಟಳ್ಳಿ ತಮಿಳುನಾಡಿನ ಗಡಿಗೆ ಹತ್ತಿರವಾದ ಊರು. ಮಲೆಯ ಮಹದೇಶ್ವರನ ಬೆಟ್ಟಸಾಲು, ಬರಗೂರು ಗುಡ್ಡಗಳು, ಕಾವೇರಿಯ ಕಣಿವೆ ಇವುಗಳ ನಡುವಣ ಒಣಭೂಮಿ. ಮೂಡಣ ಕಡಲಾಗಲಿ ಪಡುವಣ ಕಡಲಾಗಲಿ ಇಲ್ಲಿಗೆ ಹತ್ತಿರವಲ್ಲ. ಕನ್ನಡ, ತಮಿಳು ಎರಡೂ ಈ ಭಾಗದ ಆಡುಮಾತು. ಟಿಪ್ಪುವಿನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ಬಂದ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಈ ಆಡಳಿತದ ವಿವರ ಇಲ್ಲಿ ಮುಖ್ಯವಾಗುವುದಕ್ಕೆ ಕಾರಣವಿದೆ. ಭಾರತದಲ್ಲಿ ರೋಮನ್ ನಾಣ್ಯಗಳು ಅತಿ ದಟ್ಟವಾಗಿ ದೊರೆತ ಪ್ರದೇಶಗಳಲ್ಲಿ ಹಳೆಯ ಕೊಯಮತ್ತೂರು ಜಿಲ್ಲೆ ಪ್ರಮುಖವಾದುದು. ಕೊಯಮತ್ತೂರಿನ ಬಳಿಯ ವೆಳ್ಳಲೂರಿನಲ್ಲಿ 1842ರಲ್ಲಿ ಸಿಕ್ಕಿದ ಒಂದೇ ನಿಧಿಯಲ್ಲಿ 500ಕ್ಕೂ ಹೆಚ್ಚು ಬೆಳ್ಳಿಯ ದಿನಾರಿಗಳಿದ್ದುವು. ಅವುಗಳಲ್ಲಿ ಹೆಚ್ಚಿನವು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಮುದ್ರೆಯವು.

ಕಡಲಿನಿಂದ ದೂರವಾದ ಒಳನಾಡಿಗೆ ಇಷ್ಟು ಬೆಳ್ಳಿ ಏಕೆ ಬಂದಿತು? ಮೆಣಸಿಗಾಗಿ ಎಂದು ಹೇಳುವಂತಿಲ್ಲ; ಮೆಣಸು ಮಲಬಾರಿನ ಬೆಳೆ, ಅದು ಮುಸಿರಿಸ್ ಬಂದರಿನಿಂದ ನೇರವಾಗಿ ಹಡಗೇರುತ್ತಿತ್ತು. ಒಳನಾಡು ಕೊಡಬಲ್ಲ ಸರಕುಗಳಲ್ಲಿ ಪ್ರಮುಖವಾದುದು ರತ್ನ, ಅದರಲ್ಲಿಯೂ ಬೆರಿಲ್ ಎಂಬ ಹಸಿರು ಕಲ್ಲು. ಸಂಸ್ಕೃತದ ‘ವೈಡೂರ್ಯ’, ಪ್ರಾಕೃತದ ‘ವೇರುಲಿಯ’, ಗ್ರೀಕಿನ ‘ಬೇರುಲ್ಲೋಸ್’ ಇವು ಒಂದೇ ಪದದ ಬೇರೆ ಬೇರೆ ರೂಪಗಳು. ಇಂದು ವೈಡೂರ್ಯವೆಂದರೆ ಬೆಕ್ಕಿನ ಕಣ್ಣಿನಂತಹ ರತ್ನವೆಂದು ತಿಳಿಯಲಾಗುತ್ತದೆ. ಪ್ರಾಚೀನ ಗ್ರಂಥಗಳ ವೈಡೂರ್ಯ ಬಹುಮಟ್ಟಿಗೆ ಬೆರಿಲ್ ಎಂಬುದು ವಿದ್ವಾಂಸರ ಅಭಿಪ್ರಾಯ.

ರೋಮಿನ ಪ್ಲಿನಿ ಕ್ರಿ.ಶ. 77ರ ಸುಮಾರಿಗೆ ಮುಗಿಸಿದ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಈ ಕಲ್ಲಿನ ವಿಷಯವನ್ನು ವಿವರವಾಗಿ ಬರೆದಿದ್ದಾನೆ. ಅವನ ಪ್ರಕಾರ ಬೆರಿಲ್ ಭಾರತದಲ್ಲಿ ಹುಟ್ಟುತ್ತದೆ, ಬೇರೆಡೆ ಅಪರೂಪ. ನಿರ್ಮಲವಾದ ಕಡಲಿನ ಹಸಿರನ್ನು ಹೋಲುವ ಕಲ್ಲಿಗೆ ಬೆಲೆ ಹೆಚ್ಚು. ಆರು ಮುಖಗಳಾಗಿ ಉಜ್ಜಿದರೆ ಹೊಳಪು ಬರುತ್ತದೆ. ಭಾರತೀಯರಿಗೆ ಉದ್ದನೆಯ ಬೆರಿಲ್ ಎಂದರೆ ವಿಶೇಷ ಪ್ರೀತಿ. ಅದಕ್ಕೆ ಚಿನ್ನದ ಕಟ್ಟು ಬೇಡವೆಂದು ಅವರು ಭಾವಿಸುತ್ತಾರೆ, ರಂಧ್ರ ಕೊರೆದು ಆನೆಯ ಕೂದಲಿನಲ್ಲಿ ಪೋಣಿಸುತ್ತಾರೆ. ಸ್ಫಟಿಕಕ್ಕೆ ಬಣ್ಣವೇರಿಸಿ ಬೆರಿಲ್ ಎಂದು ಮಾರುವ ವಂಚನೆಯನ್ನೂ ಅವನು ಮರೆಯದೆ ದಾಖಲಿಸಿದ್ದಾನೆ. ಕಡಲನ್ನೇ ಕಾಣದ ಒಣನೆಲದಿಂದ ಅಗೆದು ತೆಗೆದ ಕಲ್ಲು, ಕಡಲಿನ ಬಣ್ಣಕ್ಕಾಗಿ ಮತ್ತೊಂದು ಕಡಲಿನ ದಡದಲ್ಲಿ ಬೆಲೆಬಾಳುತ್ತಿತ್ತು.

ಆ ದಾರಿ ದೀರ್ಘವಾದುದು. ಮುಸಿರಿಸ್‌ನಿಂದ ಹೊರಟ ಹಡಗು ಮಾರುತದ ಬಲದಿಂದ ಕೆಂಪು ಸಮುದ್ರದ ಬೆರೆನಿಕೆ ಅಥವಾ ಮಿಯೋಸ್ ಹೊರ್ಮೋಸ್ ಬಂದರನ್ನು ಸೇರುತ್ತಿತ್ತು. ಅಲ್ಲಿಂದ ಒಂಟೆಗಳ ಮೇಲೆ ಮರುಭೂಮಿ ದಾಟಿ ನೈಲ್ ದಂಡೆಯ ಕೊಪ್ಟೋಸ್‌ಗೆ, ದೋಣಿಯಲ್ಲಿ ಅಲೆಕ್ಸಾಂಡ್ರಿಯಕ್ಕೆ, ಮತ್ತೆ ಹಡಗಿನಲ್ಲಿ ಇಟಲಿಗೆ. ಸರಕಿನ ಮೌಲ್ಯದ ಕಾಲುಭಾಗ ಸುಂಕ. ಮಿಯೋಸ್ ಹೊರ್ಮೋಸ್‌ನಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದುವೆಂದು ಭೂಗೋಳಕಾರ ಸ್ಟ್ರಾಬೊ ತಿಳಿಸುತ್ತಾನೆ. ಬೆರೆನಿಕೆಯ ಉತ್ಖನನದಲ್ಲಿ ಭಾರತದ ಮಣ್ಣಿನ ದೊಡ್ಡ ಜಾಡಿಯೊಂದರಲ್ಲಿ ಏಳೂವರೆ ಕಿಲೋಗ್ರಾಂ ಕರಿಮೆಣಸು ಸಿಕ್ಕಿದೆ. ವಿಯೆನ್ನಾದಲ್ಲಿರುವ 2ನೆಯ ಶತಮಾನದ ಪಪೈರಸ್ ಹಾಳೆಯೊಂದು ಮುಸಿರಿಸ್ ವ್ಯಾಪಾರದ ಸಾಲಪತ್ರ. ಅದರ ಹಿಂಬದಿಯಲ್ಲಿ ‘ಹರ್ಮಪೊಲ್ಲೋನ್’ ಎಂಬ ಹಡಗಿನ ಸರಕಿನ ಲೆಕ್ಕವಿದೆ.

ಪೊತ್ಸುವೊಲಿಯ ಪಾತ್ರ ಬರುವುದು ಇಲ್ಲಿ. ಅದರ ಹಳೆಯ ಹೆಸರು ಪುಟಿಯೋಲಿ. ರೋಮಿನ ಬಾಗಿಲಲ್ಲಿ ಓಸ್ಟಿಯದ ಹೊಸ ಬಂದರುಗಳು ಬೆಳೆಯುವವರೆಗೆ ಅಲೆಕ್ಸಾಂಡ್ರಿಯದ ಹಡಗುಗಳು ತಂಗುತ್ತಿದ್ದ ಪ್ರಧಾನ ರೇವು ಅದೇ. ಪುಟಿಯೋಲಿಯ ವರ್ತಕ ಕುಟುಂಬಗಳಲ್ಲಿ ಆನ್ನಿಯಸ್ ಮನೆತನ ಒಂದು. ಆ ಮನೆತನದ ಪ್ಲೊಕಾಮಸ್ ಎಂಬವನ ಸೇವಕ ಲೈಸಾಸ್ ಕ್ರಿ.ಶ. 6ರ ಜುಲೈ ತಿಂಗಳಲ್ಲಿ, ಕೊಪ್ಟೋಸ್‌ನಿಂದ ಬೆರೆನಿಕೆಗೆ ಹೋಗುವ ಮರುಭೂಮಿಯ ದಾರಿಯಲ್ಲಿ, ಬಂಡೆಯ ನೆರಳಿನಲ್ಲಿ ತನ್ನ ಹೆಸರನ್ನು ಗ್ರೀಕ್ ಮತ್ತು ಲ್ಯಾಟಿನ್ ಎರಡರಲ್ಲೂ ಕೊರೆದಿದ್ದಾನೆ. ಇಂತಹವರ ಕೈಯಲ್ಲಿ ಪಯಣಿಸಿದ ಬೆಳ್ಳಿಯೇ ವೆಳ್ಳಲೂರಿನ ಮಣ್ಣಿನಲ್ಲಿ ಸಿಕ್ಕಿರುವುದು.

ಇಷ್ಟು ಹಿನ್ನೆಲೆಯಲ್ಲಿ ಟಾಲೆಮಿಯ ಒಂದು ಸಾಲನ್ನು ನೋಡಬೇಕು. ಕ್ರಿ.ಶ. 150ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಭೂಗೋಳವನ್ನು ಬರೆದ ಅವನು ದಕ್ಷಿಣ ಭಾರತದ ಒಳನಾಡಿನ ಊರುಗಳ ಪಟ್ಟಿಯನ್ನು ಕೊಡುತ್ತಾನೆ. ಹೆಚ್ಚಿನ ಊರುಗಳಿಗೆ ಹೆಸರು ಮತ್ತು ಅಕ್ಷಾಂಶ ರೇಖಾಂಶಗಳು ಮಾತ್ರ. ಆದರೆ ‘ಪೌನ್ನಾಟ’ ಎಂಬ ಹೆಸರಿನ ಜೊತೆಗೆ, ಅಲ್ಲಿ ಬೆರಿಲ್ ಇದೆ ಎಂಬ ಟಿಪ್ಪಣಿಯನ್ನು ಸೇರಿಸಿದ್ದಾನೆ. ಅದೇ ಪಟ್ಟಿಯಲ್ಲಿ ಚೇರರ ರಾಜಧಾನಿಯಾದ ಕರೂರಿನ ಹೆಸರೂ ಬರುತ್ತದೆ. ಈ ಪೌನ್ನಾಟವು ಕನ್ನಡ ನಾಡಿನ ಪುನ್ನಾಟವೆಂದು ಬಿ.ಎಲ್. ರೈಸ್ ಗುರುತಿಸಿದರು. ಬಿ.ಎ. ಸಾಲೆತೊರೆಯವರೂ ಪುನ್ನಾಟದ ಇತಿಹಾಸವನ್ನು ಬಿಡಿಸಿ ಬರೆದರು.

ಪುನ್ನಾಟದ ಅಸ್ತಿತ್ವಕ್ಕೆ ಸಾಕ್ಷ್ಯ ನೀಡುವವು ತಾಮ್ರಶಾಸನಗಳು. ಕೊಯಮತ್ತೂರು ಜಿಲ್ಲೆಯ ಕೊಮರಲಿಂಗಮ್‌ನಲ್ಲಿ ದೊರೆತ ರವಿದತ್ತನ ಶಾಸನ, ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ತಾಮ್ರಪಟ ಇವು ಪುನ್ನಾಟದ ಅರಸರಿಗೆ ಸಂಬಂಧಿಸಿದವು. ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲವಾದರೂ ವಂಶದ ಇರವಿನ ಬಗೆಗೆ ಸಂಶಯವಿಲ್ಲ. ಅವರ ರಾಜಧಾನಿ ಕಿತ್ತಿಪುರ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ದಂಡೆಯ ಕಿತ್ತೂರೇ ಅದು ಎಂದು ರೈಸ್ ನಿರ್ಧರಿಸಿದರು. ಗಂಗರ ಅವಿನೀತ ಪುನ್ನಾಟದ ಸ್ಕಂದವರ್ಮನ ಮಗಳನ್ನು ವರಿಸಿದ. ಅವರ ಮಗ ದುರ್ವಿನೀತನ ಕಾಲಕ್ಕೆ ಪುನ್ನಾಟ ಗಂಗರಾಜ್ಯದಲ್ಲಿ ಸೇರಿಹೋಯಿತು. ‘ಕವಿರಾಜಮಾರ್ಗ’ವು ಕನ್ನಡದ ಪೂರ್ವಗದ್ಯಕಾರರ ಸಾಲಿನಲ್ಲಿ ಹೆಸರಿಸುವ ದುರ್ವಿನೀತ ಈ ಗಂಗರಾಜನೇ ಎಂಬ ಅಭಿಪ್ರಾಯವನ್ನು ಒಪ್ಪಿದರೆ, ಕನ್ನಡ ಗದ್ಯದ ಆದಿಯಲ್ಲಿ ನಿಲ್ಲುವವನೊಬ್ಬ ಪುನ್ನಾಟದ ದೌಹಿತ್ರ. ಮಡಿಕೇರಿಯ ತಾಮ್ರಪಟವು ತಳವನನಗರದ, ಎಂದರೆ ತಲಕಾಡಿನ, ಜಿನಾಲಯಕ್ಕೆ ಪುನಾಡಿನ ಬದಣೆಗುಪ್ಪೆಯನ್ನು ದತ್ತಿ ಬಿಟ್ಟುದನ್ನು ಹೇಳುತ್ತದೆ. ಪಟದ ಲಿಪಿ ಅದು ಹೇಳುವ ಕಾಲಕ್ಕಿಂತ ಈಚಿನದೆಂಬ ಆಕ್ಷೇಪ ಇದೆ. ಆದರೆ ಬದನಗುಪ್ಪೆ ಚಾಮರಾಜನಗರ ತಾಲ್ಲೂಕಿನಲ್ಲಿ ಇಂದಿಗೂ ಇರುವ ಊರು; ಪುನ್ನಾಟದ ಹರವನ್ನು ನೆಲದ ಮೇಲೆ ಗುರುತಿಸಲು ಅದು ನೆರವಾಗುತ್ತದೆ.

ರಾಜ್ಯ ಅಳಿದ ಮೇಲೂ ಹೆಸರು ಉಳಿದದ್ದು ಜೈನಮುನಿಗಳ ನೆನಪಿನಲ್ಲಿ. ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ‘ಹರಿವಂಶಪುರಾಣ’ವನ್ನು ರಚಿಸಿದ ಜಿನಸೇನರು ಪುನ್ನಾಟ ಸಂಘದವರು. ಅವರು ಅದನ್ನು ಬರೆದದ್ದು ಉತ್ತರದ ವರ್ಧಮಾನಪುರದಲ್ಲಿ. ಅದೇ ವರ್ಧಮಾನಪುರದಲ್ಲಿ ಕ್ರಿ.ಶ. 931-32ರಲ್ಲಿ ‘ಬೃಹತ್ಕಥಾಕೋಶ’ವನ್ನು ರಚಿಸಿದ ಹರಿಷೇಣರೂ ಇದೇ ಸಂಘಕ್ಕೆ ಸೇರಿದವರು, ಎ.ಎನ್. ಉಪಾಧ್ಯೆಯವರ ಸಂಪಾದನೆಯಲ್ಲಿ ಈ ಗ್ರಂಥ 1943ರಲ್ಲಿ ಪ್ರಕಟವಾಯಿತು. ಅದರ ಭದ್ರಬಾಹು ಕಥೆಯಲ್ಲಿ, ಕ್ಷಾಮದ ಕಾಲದಲ್ಲಿ ಮುನಿಸಂಘ ವಿಶಾಖಾಚಾರ್ಯರೊಡನೆ ದಕ್ಷಿಣಾಪಥದ ಪುನ್ನಾಟ ವಿಷಯಕ್ಕೆ ನಡೆದುಬಂದಿತೆಂಬ ಮಾತಿದೆ. ಆ ವೇಳೆಗೆ ಪುನ್ನಾಟದಲ್ಲಿ ಸ್ವತಂತ್ರ ಅರಸರಿಲ್ಲದೆ ಶತಮಾನಗಳೇ ಕಳೆದಿದ್ದುವು. ದೂರದ ಉತ್ತರದಲ್ಲಿ ಕುಳಿತ ಮುನಿಯೊಬ್ಬರು ತಮ್ಮ ಗುರುಪರಂಪರೆಯ ಬೇರನ್ನು ಕಬಿನಿಯ ಸೀಮೆಯಲ್ಲಿ ಗುರುತಿಸುತ್ತಿದ್ದರು.

ಟಾಲೆಮಿಯ ಗುರುತಿಗೆ ಒಂದು ತೊಡಕಿದೆ. ದಕ್ಷಿಣದಲ್ಲಿ ಪ್ರಸಿದ್ಧವಾದ ಬೆರಿಲ್ ಗಣಿ ಇರುವುದು ಕಿತ್ತೂರಿನ ಬಳಿಯಲ್ಲಲ್ಲ, ಕೊಂಗುನಾಡಿನ ಕಾಂಗೇಯಂ ಬಳಿಯ ಪಡಿಯೂರಿನಲ್ಲಿ. ಅದಕ್ಕೆ ಹತ್ತಿರದ ನೊಯ್ಯಲ್ ದಂಡೆಯ ಕೊಡುಮಣಲ್‌ನಲ್ಲಿ 1985ರಿಂದ ನಡೆದ ಉತ್ಖನನಗಳು ಬೆರಿಲ್, ನೀಲ, ಸ್ಫಟಿಕಗಳನ್ನು ಕಡೆದು ಮಣಿ ಮಾಡುತ್ತಿದ್ದ ಕಮ್ಮಟಗಳನ್ನು ಬಯಲಿಗೆ ತಂದವು. ಸಂಗಮ ಸಾಹಿತ್ಯದ ‘ಪದಿಱ್ಱುಪ್ಪತ್ತು’ ಕೃತಿಯೂ ಕೊಡುಮಣವನ್ನು ರತ್ನಗಳ ಊರೆಂದು ಬಲ್ಲುದು. ಹಾಗಾದರೆ ಟಾಲೆಮಿ ಬೆರಿಲ್ ಅನ್ನು ಪುನ್ನಾಟಕ್ಕೆ ಸೇರಿಸಿದ್ದು ತಪ್ಪೇ?

ಇದಕ್ಕೆ ಉತ್ತರದ ಸುಳಿವು ಅನಿರೀಕ್ಷಿತವಾದ ಕಡೆ ಇದೆ, ಪತಂಜಲಿಯ ‘ಮಹಾಭಾಷ್ಯ’ದಲ್ಲಿ. ಪಾಣಿನಿ ‘ವೈಡೂರ್ಯ’ ಶಬ್ದವನ್ನು ‘ವಿದೂರ’ ಎಂಬ ಸ್ಥಳನಾಮದಿಂದ ಸಾಧಿಸುತ್ತಾನೆ. ಪತಂಜಲಿ ಇದಕ್ಕೊಂದು ಆಕ್ಷೇಪವನ್ನು ಎತ್ತುತ್ತಾನೆ: ಆ ಕಲ್ಲು ಹುಟ್ಟುವುದು ವಾಲವಾಯ ಪರ್ವತದಲ್ಲಿ, ವಿದೂರದಲ್ಲಿ ಅದಕ್ಕೆ ಸಂಸ್ಕಾರ ಮಾತ್ರ ನಡೆಯುತ್ತದೆ. ವಾಲವಾಯ, ವಿದೂರ ಎಂಬ ಊರುಗಳು ಯಾವುವೆಂಬುದು ಇಲ್ಲಿ ಮುಖ್ಯವಲ್ಲ. ಅಗೆದ ನೆಲದ ಹೆಸರು ಮರೆಯಾಗಿ, ಕಡೆದ ಅಥವಾ ಮಾರಿದ ಊರಿನ ಹೆಸರು ಕಲ್ಲಿಗೆ ಅಂಟುವುದುಂಟು ಎಂಬುದನ್ನು ವೈಯಾಕರಣನೊಬ್ಬ ಕ್ರಿಸ್ತಪೂರ್ವದಲ್ಲಿಯೇ ಕಂಡುಕೊಂಡಿದ್ದ ಎಂಬುದು ಮುಖ್ಯ. ಅಲೆಕ್ಸಾಂಡ್ರಿಯದ ಟಾಲೆಮಿಗೆ ಸುದ್ದಿ ತಲುಪಿದ್ದು ಗಣಿ ಕಂಡವರಿಂದಲ್ಲ, ಸರಕು ಕೊಂಡ ವರ್ತಕರಿಂದ. ಪುನ್ನಾಟವು ಕಲ್ಲಿನ ಒಡೆತನದ ಅಥವಾ ವ್ಯಾಪಾರದ ಹೆಸರಾಗಿದ್ದರೆ ಸಾಕು, ಅವನ ಟಿಪ್ಪಣಿ ಸರಿಯೇ. ಪುನ್ನಾಟದ ಅರಸನ ತಾಮ್ರಪಟ ಕೊಯಮತ್ತೂರಿನ ಕಡೆ ದೊರೆತಿರುವುದು ಈ ಊಹೆಗೆ ಪೋಷಕ. ತಾಮ್ರಪಟಗಳು ಕೈಯಿಂದ ಕೈಗೆ ಸಾಗುವ ವಸ್ತುಗಳಾದುದರಿಂದ ಅದನ್ನೇ ಅಂತಿಮ ಪ್ರಮಾಣವೆಂದು ಹಿಡಿಯಬಾರದು.

ತೊಡಕು ಹುಟ್ಟಿದ್ದು ಟಾಲೆಮಿಯಿಂದ ಎನ್ನುವುದಕ್ಕಿಂತ ಇಂದಿನ ಗಡಿಯಿಂದ ಎನ್ನುವುದು ಹೆಚ್ಚು ಸರಿ. ಪುನ್ನಾಟ ಕರ್ನಾಟಕದ ಇತಿಹಾಸದ ಪುಸ್ತಕಗಳಲ್ಲಿದೆ. ಪಡಿಯೂರು, ಕೊಡುಮಣಲ್, ವೆಳ್ಳಲೂರುಗಳು ತಮಿಳುನಾಡಿನ ಪುಸ್ತಕಗಳಲ್ಲಿವೆ. ಒಂದನ್ನು ಓದುವವರು ಇನ್ನೊಂದನ್ನು ಓದುವುದು ವಿರಳ. ಮಾರ್ಟಳ್ಳಿಯಂತಹ ಊರುಗಳು ಈ ವಿಭಜನೆಯ ಕೃತಕತೆಯನ್ನು ಎತ್ತಿ ತೋರಿಸುತ್ತವೆ. ಅಲ್ಲಿಂದ ಪಶ್ಚಿಮಕ್ಕೆ ಹನೂರು, ಕೊಳ್ಳೇಗಾಲ, ಯಳಂದೂರುಗಳ ಮೂಲಕ ಪುನ್ನಾಟದ ನೆಲ. ದಕ್ಷಿಣಕ್ಕೆ ಬರಗೂರು ಘಟ್ಟವಿಳಿದು ಅಂದಿಯೂರಿನ ಕಡೆಗೆ ಕೊಂಗುನಾಡು. ಒಂದೂವರೆ ಶತಮಾನ ಕೊಯಮತ್ತೂರಿನ ಕಂದಾಯದ ಕಡತದಲ್ಲಿದ್ದ ಈ ಕನ್ನಡ ಸೀಮೆಯನ್ನು ಅಂಚು ಎನ್ನುವ ಬದಲು ನಡುವೆಂದು ಭಾವಿಸಿ ಅಧ್ಯಯನಕ್ಕೆ ತೊಡಗಿದರೆ, ಎರಡು ಪುಸ್ತಕಗಳ ಸಾಕ್ಷ್ಯ ಒಂದೇ ಮೇಜಿನ ಮೇಲೆ ಬರುತ್ತದೆ. ಸ್ಥಳನಾಮ, ಘಟ್ಟದ ಹಾದಿ, ಶಾಸನ, ಮಣ್ಣಿನಲ್ಲಿ ಸಿಗುವ ಮಣಿಚೂರು, ಇವೆಲ್ಲ ಯುವಸಂಶೋಧಕರಿಗೆ ಅಲ್ಲಿ ಕಾದಿರುವ ಕೆಲಸ.

ಅವಸರಕ್ಕೂ ಕಾರಣವಿದೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಕಿತ್ತೂರು ಮುಳುಗಿತು. ಬೆರಿಲ್ ಕಳುಹಿದ ನಾಡಿನ ರಾಜಧಾನಿಯೂ ಅದನ್ನು ಕೊಂಡ ತೀರದ ವಿಹಾರನಗರವೂ ಹೀಗೆ ನೀರಿನ ಪಾಲಾದುವು. ಬಾಯಿಯೆಯನ್ನು ಮುಳುಗಿಸಿದ್ದು ಜ್ವಾಲಾಮುಖಿಯ ನೆಲ. ಕಿತ್ತೂರನ್ನು ಮುಳುಗಿಸಿದ್ದು ಮನುಷ್ಯನ ಅಣೆಕಟ್ಟು. ಅದರ ನೀರು ಕಾಲುವೆಗಳಲ್ಲಿ ಹರಿದು ಹೊಲಗಳಿಗೆ ಜೀವ ಕೊಟ್ಟಿದೆ ಎಂಬುದನ್ನು ಮರೆಯುವಂತಿಲ್ಲ. ಆದರೆ ಬಾಯಿಯೆಯನ್ನು 2002ರಲ್ಲಿ ಜಲಾಂತರ್ಗತ ಪುರಾತತ್ತ್ವ ಉದ್ಯಾನವೆಂದು ರಕ್ಷಿಸಲಾಯಿತು. ಅಲ್ಲಿಗೆ ಬಂದವರಿಗೆ ನೀರಿನಡಿಯ ಪ್ರತಿಯೊಂದು ಅಂಗಳದ ಕಥೆಯನ್ನು ಹೇಳುವವರಿದ್ದಾರೆ. ಕಬಿನಿಯ ಹಿನ್ನೀರಿಗೆ ಆನೆಗಳನ್ನು ನೋಡಲು ಬರುವ ಪ್ರವಾಸಿಗಳಿಗೆ ಆ ನೀರಿನಡಿ ಟಾಲೆಮಿ ಬಲ್ಲ, ಹರಿಷೇಣರು ನೆನೆದ ನಾಡೊಂದರ ರಾಜಧಾನಿ ಇತ್ತೆಂದು ಹೇಳುವ ಒಂದು ಫಲಕವಾದರೂ ದಂಡೆಯ ಮೇಲೆ ಇರಬೇಕಾದುದು ನ್ಯಾಯ.